ಚುನಾವಣೆಗೆ ಬೆಳೆಸಿದ ಮೀಸೆ

ನಿಶಿ ಕಸಾಯಿ
ಟೋಕಿಯೊ, ೧೬ ಸೆಪ್ಟೆಂಬರ್ ೨೦೨೪

ಮಾಲತಿ,

ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ನಿನ್ನ ಉಣ್ಣೆಯ ಕಾಲುಚೀಲ. ಮೂರನ್ನೂ ಒತ್ತಿ ಚಪ್ಪಟೆ ಮಾಡಿ ಅಂಚೆಯ ಈ ಕೆಂಪು ಲೆಟರ್ ಪ್ಯಾಕ್ ಲಕೋಟೆಯೊಳಗೆ ತುರುಕಿದ್ದೇನೆ, ಜೊತೆಗೆ ಪತ್ರ. ಲೈನ್ ಆ್ಯಪಿನಲ್ಲಿ ನಾವಾಡುವ ಮಾತೆಲ್ಲ ಕೃತಿಯ ಈಜುಡುಗೆ, ಗ್ಯಾಸ್ ಬಿಲ್ಲು, ಮುಗಿದ ಹಾಲು ಇಷ್ಟೇ ಆಗಿಹೋಗಿದೆ, ಗಂಡ ಹೆಂಡತಿ ಎಂದಮೇಲೆ ಉಪಯೋಗಕ್ಕೆ ಬಾರದ ನಾಲ್ಕು ಮಾತೂ ಬೇಕು ಎಂದು ನೀನೇ ಗೊಣಗಿದ್ದೆ. ಇಗೋ, ಉಪಯೋಗಕ್ಕೆ ಬಾರದ ಸುದ್ದಿ.

ನಮ್ಮ ಕನ್ನಡ ಕೂಟದ ಅಧ್ಯಕ್ಷ ಸ್ಥಾನಕ್ಕೆ ನಾನು ನಿಂತಿದ್ದೇನೆ. ನಗಬೇಡ. ಇಷ್ಟು ವರ್ಷ ಕಾಫಿ ಕುಡಿಯುತ್ತಾ ಯಾರಾದರೊಬ್ಬರ ತಲೆಗೆ ಕಟ್ಟಿಬಿಡುತ್ತಿದ್ದ ಹುದ್ದೆಗೆ ಈ ಸಲ ಚುನಾವಣೆಯಂತೆ. ಶನಿವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರೆಲ್ಲ ನನ್ನನ್ನು ಮೂಲೆಗೆ ನಿಲ್ಲಿಸಿಕೊಂಡರು. "ಆಸ್ಪತ್ರೆಗೆ ಜೊತೇಲಿ ಬರೋರು ನೀವು, ಬಾಣಂತಿಗೆ ಊಟ ತಂದ್ಕೊಡೋರು ನೀವು, ವಾರ್ಡ್ ಆಫೀಸಲ್ಲಿ ಜಪಾನೀಸ್ ಮಾತಾಡೋರು ನೀವು. ಅಧ್ಯಕ್ಷರು ಮಾತ್ರ ಬೇರೆಯೋರಾ?" ಎಂದರು. ಚಾಮರಾಜನಗರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಾಗಲೂ ಯಾರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ. ಒಪ್ಪಿಕೊಂಡೆ.

ಎದುರಾಳಿ ಬಸವರಾಜ. ಕಮಲಾಳ ಗಂಡ. ಅವರ ಎರಡನೇ ಮಗು ಹುಟ್ಟಿದಾಗ ಊರಿನಿಂದ ಯಾರೂ ಬರಲಾಗದೆ, ನಾನು ಮಧ್ಯಾಹ್ನದ ಹೊತ್ತು ಸಬ್ಬಸಿಗೆ ಸೊಪ್ಪಿನ ಸಾರು ಹೊತ್ತುಕೊಂಡು ಹೋಗುತ್ತಿದ್ದೆನಲ್ಲ, ಅದೇ ಮನೆ. ಈಗ ಕೆಂಪು ಪೇಟ ಸುತ್ತಿ, ತೋಳು ಕಟ್ಟಿ ನಿಂತ ಫೋಟೊ ಹಾಕಿಕೊಂಡಿದ್ದಾರೆ. ಕೆಳಗೆ "ಗಟ್ಟಿ ಕೈ, ಗಟ್ಟಿ ಕೂಟ" ಎಂದು ಬರೆದಿದೆ.

ಕೃತಿಗೆ ಹೇಳಿದೆ. ಜಪಾನಿಯಲ್ಲಿ "ಹಾಗಾದರೆ ರಾತ್ರಿ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದಳು.

ನಿನ್ನ
ಪ್ರಹ್ಲಾದ


ಸೆಂಡಾಯ್
೨೯ ಸೆಪ್ಟೆಂಬರ್ ೨೦೨೪

ಅಭ್ಯರ್ಥಿಗಳೇ,

ನಗಬೇಡ ಎಂದಿದ್ದೆ, ನಕ್ಕೆ. ಖುಷಿಗೆ ನಕ್ಕೆ ಕಣೋ. ಆ ತಾಯಂದಿರಿಗೆ ನನ್ನ ನಮಸ್ಕಾರ ಹೇಳು.

ನನ್ನ ಗಂಡ ಅಧ್ಯಕ್ಷ ಚುನಾವಣೆಗೆ ನಿಂತಿದ್ದಾನೆ ಎಂದು ಪ್ರಯೋಗಾಲಯದಲ್ಲಿ ಒಗಾವಾ ಸಾನ್‌ಗೆ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು, ಯಾವ ದೇಶದ್ದು ಎಂದು ಗಂಭೀರವಾಗಿ ಕೇಳಿದರು. ಆಮೇಲೆ ವಿವರಿಸಿದೆ. ಅವರಿಗೆ ನಿನ್ನ ಪರಿಚಯ ಆಗಲೇ ಇದೆ. ನಾನು ಇಲ್ಲಿ ಸಮುದ್ರದ ತಳದ ಭೂಕಂಪ ಮಾಪಕಗಳನ್ನು ನೋಡಿಕೊಂಡಿದ್ದರೆ ಟೋಕಿಯೊದಲ್ಲಿ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬಂದ ಹೊಸದರಲ್ಲಿ ಎಲ್ಲರೂ ಕೇಳುತ್ತಿದ್ದರು. ನನ್ನ ಗಂಡ ಎನ್ನುವಾಗ ನನಗೆ ಎಷ್ಟು ಜಂಬ ಗೊತ್ತೇ? ಅವನು ಮಗಳಿಗೆ ಕಟ್ಟುವ ಬೆಂತೋ ಊಟದ ಡಬ್ಬಿ ನೋಡಿ ಎಂದು ಫೋನಿನಲ್ಲಿ ಫೋಟೊ ಬೇರೆ ತೋರಿಸುತ್ತೇನೆ. ಒಗಾವಾ ಸಾನ್ ಹೆಂಡತಿ ಅದನ್ನು ಕಳಿಸಿಕೊಡಲು ಕೇಳಿದ್ದಾರಂತೆ, ಗಂಡನಿಗೆ ಬುದ್ಧಿ ಹೇಳಲು.

ಭಾಷಣದಲ್ಲಿ ಸಾರಿನ ವಿಷಯ ಹೇಳು. ಅದು ನಿನಗೆ ಚೆನ್ನಾಗಿ ಬರುತ್ತದೆ. ಚಟ್ನಿಪುಡಿಗೆ ಹುಣಸೆ ಕಡಿಮೆಯಾಗಿದೆ, ಪ್ರಚಾರದ ಗಡಿಬಿಡಿ ಇರಬೇಕು.

ನಿನ್ನ
ಮಾಲತಿ


ನಿಶಿ ಕಸಾಯಿ
೧೪ ಅಕ್ಟೋಬರ್ ೨೦೨೪

ಮಾಲತಿ,

ಈ ಸಲ ಹುಣಸೆ ಸರಿಯಾಗಿದೆ. ಬೆನ್ನು ಮಾತ್ರ ಸರಿಯಿಲ್ಲ. ಕಾರಣ ಹೇಳುತ್ತೇನೆ.

ಆರನೇ ಮಹಡಿಯ ವಿಘ್ನೇಶ್ ಈಗ ನನ್ನ ಪ್ರಚಾರದ ಉಸ್ತುವಾರಿ. ಬ್ಯಾಂಕಿನಲ್ಲಿ ಡೇಟಾ ಕೆಲಸ, ಮನೆಗೆ ಬಂದರೆ ಅಮೆರಿಕದ ಅಧ್ಯಕ್ಷ ಚುನಾವಣೆ. ಕ್ರಿಕೆಟ್ ಸ್ಕೋರಿನ ಹಾಗೆ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾನೆ. ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಡೀ ಕೂಟವನ್ನು ಹೋಳು ಮಾಡಿದ. ಮೈಸೂರು ಕಡೆಯವರು, ಹುಬ್ಬಳ್ಳಿ ಕಡೆಯವರು, ಕರಾವಳಿಯವರು. ಆಮೇಲೆ ಧ್ವನಿ ತಗ್ಗಿಸಿ ಜಾತಿ. ಆಮೇಲೆ ಗಂಡಸರು, ಹೆಂಗಸರು. "ನಿಮ್ಮನೆಯವ್ರು ಹಾವೇರಿ ಅಲ್ವಾ ಸರ್? ಅದು ಪ್ಲಸ್ಸು. ನೀವು ಅವರ ಡಿಪೆಂಡೆಂಟ್ ವೀಸಾದಲ್ಲಿ ಇರೋದು ಮೈನಸ್ಸು" ಎಂದ.

ಕೂಟಕ್ಕೆ ಬೇಕಿರುವುದು ಹೆರಿಗೆಗೆ ದುಭಾಷಿಗಳು, ಮಕ್ಕಳಿಗೆ ಪಾಠ ಎಂದು ನಾನು ಹೇಳಲು ಹೋದೆ. "ಸರ್, ಯಾವ ದೇಶದ ಪ್ರೆಸಿಡೆಂಟ್ ಎಲೆಕ್ಷನ್ ಬೇಕಾದ್ರೂ ತಗೊಳ್ಳಿ, ಜನ ಪಾಲಿಸಿ ನೋಡಲ್ಲ. ಯಾರು ಜಾಸ್ತಿ ಗಂಡಸು ಅಂತ ನೋಡ್ತಾರೆ. ಲೇಡೀಸ್ ಓಟು ಹೆಂಗಿದ್ರೂ ನಿಮ್ದೇ. ಗಂಡಸ್ರು ನಿಮ್ಮನ್ನ ಅಡುಗೆಯೋರು ಅಂದ್ಕೊಂಡಿದಾರೆ. ಸಾರು, ಬಾಣಂತನ ಅಂತ ಬಾಯೇ ಬಿಡ್ಬೇಡಿ" ಎಂದುಬಿಟ್ಟ.

ಹೀಗಾಗಿ ಮೀಸೆ ಬಿಡುತ್ತಿದ್ದೇನೆ. ಕೃತಿ ಮುತ್ತು ಕೊಡಲು ಬಂದು "ಚಿಕುಚಿಕು", ಚುಚ್ಚುತ್ತದೆ, ಎಂದು ಕೆನ್ನೆ ಉಜ್ಜಿಕೊಂಡು ಓಡುತ್ತಾಳೆ. ಮೂವತ್ತು ಕಿಲೋ ಅಕ್ಕಿ ಮೂಟೆ ಹೆಗಲ ಮೇಲೆ ಹೊತ್ತ ಫೋಟೊ ಕೂಡ ವಿಘ್ನೇಶ ತೆಗೆಸಿದ. ಬೆಳಕು ಸರಿಯಿಲ್ಲ ಎಂದು ಎರಡು ಸಲ ಹೊರಿಸಿದ. ಬೆನ್ನಿಗೆ ಪಟ್ಟಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ಮೊನ್ನೆ ಕೂಟದ ಗ್ರೂಪಿನಲ್ಲಿ ನೀನು "ಭಾಷಣ ಬರೆದ್ಯೇನೋ, ಇಲ್ಲ ಪಾತ್ರೆ ತೊಳೀತಾ ಕೂತಿದ್ಯಾ" ಎಂದು ಹಾಕಿದೆಯಲ್ಲ, ಬಸವರಾಜರ ಕಡೆಯವರು ಸಾಲಾಗಿ ನಗುವ ಸ್ಟಿಕ್ಕರ್ ಅಂಟಿಸಿದರು. ಚುನಾವಣೆ ಮುಗಿಯುವ ತನಕ ಗ್ರೂಪಿನಲ್ಲಿ ಈ ಏನೋ, ಕಣೋ ಬೇಡ ಎಂದು ವಿಘ್ನೇಶನ ಅಭಿಪ್ರಾಯ. ಮನೆಯೊಳಗೆ ನೀನು ಏನು ಬೇಕಾದರೂ ಅನ್ನು.

ನಿನ್ನ
ಪ್ರಹ್ಲಾದ


ಸೆಂಡಾಯ್
೨೦ ಅಕ್ಟೋಬರ್ ೨೦೨೪

ಪ್ರಹ್ಲಾದ,

ಆಗಲಿ, ಗ್ರೂಪಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತೇನೆ. ಎಲ್ಲರ ಮುಂದೆ ಹಾಗನ್ನಬಾರದಿತ್ತೇನೋ. ಹತ್ತು ವರ್ಷದಿಂದ ಅನ್ನುತ್ತಿದ್ದೇನೆ, ನಿನಗೆ ಅದು ಚುಚ್ಚುತ್ತದೆ ಎಂದು ಹೊಳೆದಿರಲಿಲ್ಲ.

ನಾನು ಪ್ಲಸ್ಸು, ನನ್ನ ವೀಸಾ ಮೈನಸ್ಸು. ಕೂಡಿಸಿದರೆ ಸೊನ್ನೆ ಎಂದು ನಿನ್ನ ವಿಘ್ನೇಶನಿಗೆ ಹೇಳು. ಹಾವೇರಿಯವರು ಹಾವೇರಿಯವಳ ಗಂಡ ಎಂದು ಓಟು ಹಾಕುವುದಾದರೆ ನಿನ್ನ ಹೆಸರೇ ಬೇಡವಲ್ಲ, ನನ್ನ ಫೋಟೊ ಹಾಕಿದರೆ ಸಾಕು.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಮೇಲಿನ ಕಪಾಟಿನಲ್ಲಿದೆ. ಇನ್ನೊಂದು ಸಲ ಮೂಟೆ ಹೊರಬೇಡ.

ಮಾಲತಿ


ನಿಶಿ ಕಸಾಯಿ
೪ ನವೆಂಬರ್ ೨೦೨೪

ಮಾಲತಿ,

ನಿನ್ನೆ ರಾಜ್ಯೋತ್ಸವದ ವೇದಿಕೆಯಲ್ಲಿ ಅಭ್ಯರ್ಥಿಗಳ ಭಾಷಣ. ಈಗಲೂ ಕಿವಿಯಲ್ಲಿ ಚಪ್ಪಾಳೆ ಇದೆ, ಅದಕ್ಕೇ ಬೆಳಗಿನ ಪಾತ್ರೆ ಹಾಗೇ ಬಿಟ್ಟು ಬರೆಯಲು ಕೂತೆ.

ಬಸವರಾಜರು ಮೊದಲು ಮಾತಾಡಿದರು. "ಕೂಟ ಅಂದ್ರ ಅಡಗೀಮನಿ ಅಲ್ಲ" ಎಂದು ನನ್ನ ಕಡೆ ನೋಡಿ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬ, "ಹೆಂಡ್ತಿ ವೀಸಾದವರು ಏನಂತಾರೆ ಕೇಳೋಣ" ಎಂದು ಕೂಗಿದ. ಮೈಯೆಲ್ಲ ಉರಿಯಿತು. ವಿಘ್ನೇಶ ಬರೆದುಕೊಟ್ಟದ್ದನ್ನು ಅಷ್ಟೂ ಹೇಳಿದೆ, ಮೇಲೆ ಸ್ವಲ್ಪ ಉಪ್ಪು ಖಾರ ನಾನೇ ಹಾಕಿದೆ. ಸದ್ಯಕ್ಕೆ ಕನ್ಸಲ್ಟಿಂಗ್ ಮಾಡುತ್ತಿದ್ದೇನೆ ಎಂದೆ. ನನ್ನ ಹೆಂಡತಿಯನ್ನು ಸೆಂಡಾಯ್‌ಗೆ ಕಳಿಸಿದವನೇ ನಾನು, ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದು, ಕೂಟದಲ್ಲೂ ಹಾಗೇ ಇರುತ್ತದೆ ಎಂದೆ. ಶಿಳ್ಳೆ ಬಿತ್ತು ಮಾಲತಿ. ನನಗೆ ಯಾವತ್ತಾದರೂ ಶಿಳ್ಳೆ ಬಿದ್ದಿತ್ತೇ? ಆ ಕೂಗಿದವನೇ ಬಂದು ಕೈಕುಲುಕಿದ.

ವೇದಿಕೆಯ ಮಾತು ವೇದಿಕೆಗೆ. ನಿನಗೆ ಗೊತ್ತಲ್ಲ.

ಮುಂದಿನ ಶನಿವಾರ ಬರುತ್ತೀಯಲ್ಲ? ತಿಂಗಳಿಗೊಂದು ಸಲದ ಲೆಕ್ಕ. ಕೃತಿ ಈಗಲೇ ನಿನ್ನ ಜಾಗದಲ್ಲಿ ದಿಂಬು ಇಟ್ಟಿದ್ದಾಳೆ.

ನಿನ್ನ
ಪ್ರಹ್ಲಾದ


ಸೆಂಡಾಯ್
೧೨ ನವೆಂಬರ್ ೨೦೨೪

ಪ್ರಹ್ಲಾದ ಅವರಿಗೆ,

ಶನಿವಾರ ಬರಲಾಗಲಿಲ್ಲ. ಕೆಲಸವಿತ್ತು. ಈ ತಿಂಗಳು ಮತ್ತೆ ಬಿಡುವಾಗುವ ಹಾಗೆ ಕಾಣುತ್ತಿಲ್ಲ. ಕೃತಿಗೆ ಫೋನಿನಲ್ಲಿ ಹೇಳಿದ್ದೇನೆ.

ನಿಮ್ಮ ಭಾಷಣದ ವಿಡಿಯೊ ಗ್ರೂಪಿನಲ್ಲಿ ಬಂತು, ನೋಡಿದೆ. ಮಾತು ಸ್ಪಷ್ಟವಾಗಿ ಕೇಳಿಸಿತು.

ಇಲ್ಲಿ ಚಳಿ ಶುರುವಾಗಿದೆ. ಕೃತಿಯ ದಪ್ಪ ಕೋಟು ಡ್ರೈಕ್ಲೀನಿಂಗ್ ಚೀಲದಲ್ಲಿದೆ. ಚಟ್ನಿಪುಡಿ ಸದ್ಯಕ್ಕೆ ಬೇಡ, ಇದೆ.

ಮಾಲತಿ


ನಿಶಿ ಕಸಾಯಿ
೧೯ ನವೆಂಬರ್ ೨೦೨೪

ಮಾಲತಿ,

ನಾನು ಸೋತದ್ದು ನಿನಗೆ ಗೊತ್ತು. ಉಳಿದದ್ದೂ ಗೊತ್ತಿರಬಹುದು, ಆದರೂ ಬರೆಯುತ್ತೇನೆ.

ಭಾನುವಾರ ಮತದಾನ. ದೂರದ ಊರುಗಳಲ್ಲಿರುವವರಿಗೂ ಅನುಕೂಲವಾಗಲಿ ಎಂದು ಲೈನ್ ಗ್ರೂಪಿನಲ್ಲೇ ಓಟು ಇಟ್ಟರಲ್ಲ. ಚುನಾವಣಾಧಿಕಾರಿ ತೇಜಸ್ವಿ, ಹೆಸರು ಕಾಣಿಸದ ಹಾಗೆ ಮಾಡುವ ಗುರುತು ಒತ್ತುವುದನ್ನೇ ಮರೆತಿದ್ದಾನೆ. ಸಂಜೆ ಫಲಿತಾಂಶ ಹೇಳಿದ ಮೇಲೆ ಯಾರೋ ಸಂಖ್ಯೆಯನ್ನು ಮುಟ್ಟಿ ನೋಡಿದ್ದಾರೆ, ಯಾರು ಯಾರಿಗೆ ಹಾಕಿದ್ದಾರೆ ಎಂದು ಪಟ್ಟಿಯೇ ತೆರೆದುಕೊಂಡಿದೆ. ಅವತ್ತು ನಿಶಿ ಕಸಾಯಿಯಲ್ಲಿ ಎಷ್ಟು ಮನೆಯಲ್ಲಿ ಒಲೆ ಹೊತ್ತಲಿಲ್ಲವೋ.

ಬಸವರಾಜರು ಸ್ವಲ್ಪದರಲ್ಲಿ ಗೆದ್ದರು. ಅವರಿಗೆ ಹಾಕಿದವರಲ್ಲಿ ನಿನ್ನ ಹೆಸರಿತ್ತು. ಬೆರಳು ತಪ್ಪಿ ಬಿದ್ದಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎರಡು ದಿನ ಪ್ರಯತ್ನಿಸಿದೆ.

ಇವತ್ತು ಸಂಜೆ ಬೆಲ್ಲಾಯಿತು. ತೆರೆದರೆ ಬಸವರಾಜರು, ಜಿಮ್ಮಿನ ಬಟ್ಟೆಯಲ್ಲೇ ಬಂದಿದ್ದರು, ಕೈಯಲ್ಲಿ ಒಂದು ಪೊಟ್ಟಣ ದ್ರಾಕ್ಷಿ. ಗೆದ್ದವರ ಮುಖ ಹಾಗಿರುವುದಿಲ್ಲ. ಒಳಗೆ ಕರೆದು ಕಾಫಿ ಮಾಡಿದೆ.

"ಕಮಲಾ ನಿಮಗ ಹಾಕ್ಯಾಳ್ರಿ" ಎಂದರು.

"ಮಾಲತಿ ನಿಮಗೆ ಹಾಕಿದಾಳೆ" ಎಂದೆ.

"ನೋಡೀನ್ರಿ. ಯಾಕಂತ ಕೇಳೀರೇನು?"

"ಇಲ್ಲ. ನೀವು?"

"ನನಗ ಧೈರ್ಯ ಇಲ್ರೀ ಪ್ರಹ್ಲಾದ್. ಆಕೀ ಏನಾರ ಖರೇ ಹೇಳಿಬಿಟ್ರ?"

ಅವರ ಫೋಟೊದ ತೋಳು, ನನ್ನ ಅಕ್ಕಿ ಮೂಟೆ ಎರಡೂ ನೆನಪಾದವು, ನಗುವಂತಿರಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಆ ಸಾರಿಗೆ ನೀವು ಬೆಳ್ಳುಳ್ಳಿ ಹಾಕುತ್ತಿದ್ದಿರಾ ಎಂದು ಕೇಳಿದರು. ಹೌದು, ಬಾಣಂತಿಗೆ ಒಳ್ಳೆಯದು ಎಂದೆ. ತಲೆಯಾಡಿಸಿ ಹೋದರು.

ಅವರಿಗಿಂತ ನಾನು ಧೈರ್ಯವಂತನೇನೂ ಅಲ್ಲ, ಆದರೆ ನಿನ್ನ ಜಾಗದ ದಿಂಬು ಇನ್ನೂ ಅಲ್ಲೇ ಇದೆ. ಕೇಳುತ್ತಿದ್ದೇನೆ. ಯಾಕೆ ಮಾಲತಿ?

ಪ್ರಹ್ಲಾದ


ಸೆಂಡಾಯ್
೨೭ ನವೆಂಬರ್ ೨೦೨೪

ಪ್ರಹ್ಲಾದ,

ಬೆರಳು ತಪ್ಪಲಿಲ್ಲ. ಯಾರಿಗೂ ಕಾಣುವುದಿಲ್ಲ ಎಂದುಕೊಂಡು ಒತ್ತಿದೆ. ಕಾಣುತ್ತದೆ ಎಂದು ಗೊತ್ತಿದ್ದರೆ ನಿನಗೇ ಹಾಕಿ ಸುಮ್ಮನಾಗುತ್ತಿದ್ದೆನೋ ಏನೋ. ಅದೂ ಸರಿಯಿರುತ್ತಿರಲಿಲ್ಲ.

ಆ ವಿಡಿಯೊದಲ್ಲಿ ಇಬ್ಬರು ಗಂಡಸರು ಒಂದೇ ಮಾತು ಆಡುತ್ತಿದ್ದರು. ಬಸವರಾಜರಿಗೆ ಆ ಮಾತು ಅಭ್ಯಾಸವಿದೆ, ಚೆನ್ನಾಗಿ ಆಡಿದರು. ನೀನು ಪಕ್ಕದವನ ಉತ್ತರ ಪತ್ರಿಕೆ ನೋಡಿ ಬರೆದವನ ಹಾಗಿದ್ದೆ. ಅಂಥದೇ ಅಧ್ಯಕ್ಷರು ಬೇಕೆಂದರೆ ಅಸಲಿಯವರೇ ಇರಲಿ ಎಂದು ಅವರಿಗೆ ಹಾಕಿದೆ. ನಾನು ಮದುವೆಯಾದವನು ಚುನಾವಣೆಗೆ ನಿಂತಿರಲೇ ಇಲ್ಲ, ಅವನಿಗೆ ಹೇಗೆ ಹಾಕಲಿ?

ನನ್ನನ್ನು ನೀನು ಕಳಿಸಿದೆಯಂತೆ. ಆ ಸಂದರ್ಶನಕ್ಕೆ ನಾನು ಎಷ್ಟು ಓದಿದ್ದೆ ಎಂದು ನಿನಗೆ ಗೊತ್ತು, ಓದುವಾಗ ಚಹಾ ತಂದಿಡುತ್ತಿದ್ದವನು ನೀನೇ. ಕೋಪ ಬಂತು, ಅತ್ತುಬಿಟ್ಟೆ. ಅದು ಒಂದೆರಡು ದಿನಕ್ಕೆ ಇಳಿಯುತ್ತಿತ್ತು.

ಇಳಿಯದ್ದು ಬೇರೆ. ಕನ್ಸಲ್ಟಿಂಗ್ ಎಂದೆಯಲ್ಲ. ದಿನಾ ಮಾಡುವ ಕೆಲಸವನ್ನು ಅಷ್ಟು ಜನರ ಮುಂದೆ ಬಚ್ಚಿಟ್ಟೆ. ಹಾಗಾದರೆ ಅದರಲ್ಲಿ ಬಚ್ಚಿಡುವಂಥದ್ದು ಇದೆ ಎಂದು ನಿನಗೆ ಅನಿಸಿದೆ. ನಾನಿಲ್ಲಿ ಎಲ್ಲರಿಗೂ ಬೆಂತೋ ಫೋಟೊ ತೋರಿಸುತ್ತಾ ಮೆರೆಯುವಾಗ, ಅಲ್ಲಿ ನೀನು ನನಗಾಗಿ ನಾಚಿಕೆ ನುಂಗಿಕೊಂಡು ಬದುಕುತ್ತಿದ್ದೆಯಾ? ಇಷ್ಟು ವರ್ಷವೂ? ಅದು ನಿಜವಾಗಿದ್ದರೆ ನಾನು ನಿನ್ನಿಂದ ಎಂಥ ದೊಡ್ಡದನ್ನು ಕಿತ್ತುಕೊಂಡಿದ್ದೇನೆ.

ಇದಕ್ಕೆ ಉತ್ತರ ಗೊತ್ತಿಲ್ಲದೆ ಆ ಮನೆಯೊಳಗೆ ಕಾಲಿಟ್ಟು ನೀನು ಬಡಿಸಿದ್ದನ್ನು ಹೇಗೆ ಉಣ್ಣಲಿ? ಅದಕ್ಕೇ ಬರುತ್ತಿಲ್ಲ. ಕೆಲಸವಿದೆ ಎಂದದ್ದು ಸುಳ್ಳು.

ಮಾಲತಿ


ನಿಶಿ ಕಸಾಯಿ
೯ ಡಿಸೆಂಬರ್ ೨೦೨೪

ಮಾಲತಿ,

ನಿನ್ನ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತು ಹರಿದು ಹಾಕಿದೆ. ಎಲ್ಲರ ಮುಂದೆ ಆಡಿದ ಮಾತಿಗೆ ಗುಟ್ಟಾಗಿ ಪತ್ರ ಬರೆದು ತಿದ್ದುವುದು ಸರಿಯೆನಿಸಲಿಲ್ಲ. ನಿನ್ನೆಯವರೆಗೆ ಕಾದೆ.

ನಿನ್ನೆ ಸರ್ವಸದಸ್ಯರ ಸಭೆ. ಸೋತವರು ಗೆದ್ದವರಿಗೆ ಹಾರ ಹಾಕಿ ಎರಡು ಮಾತಾಡಬೇಕು ಎಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಮೀಸೆ ತೆಗೆದೆ. ವಿಘ್ನೇಶ ನೋಡಿ, "ಸರ್, ಮುಂದಿನ ಎಲೆಕ್ಷನ್‌ಗೆ ಬೇಕಿತ್ತು" ಎಂದ.

ಹಾರ ಹಾಕಿ, ಮೈಕು ಹಿಡಿದು ಹೇಳಿದೆ. "ನಾನು ಕನ್ಸಲ್ಟಿಂಗ್ ಮಾಡಲ್ಲ. ಮನೇಲಿರ್ತೀನಿ. ಅಡುಗೆ ಮಾಡ್ತೀನಿ, ಮಗಳನ್ನ ನೋಡ್ಕೋತೀನಿ, ಕರೆದವರ ಮನೆಗೆ ಊಟ ತಗೊಂಡ್ ಹೋಗ್ತೀನಿ. ನನ್ನ ಹೆಂಡ್ತೀನ ಸೆಂಡಾಯ್‌ಗೆ ನಾನು ಕಳಿಸ್ಲಿಲ್ಲ. ಅವಳೇ ಗೆದ್ದು ಹೋದ್ಲು. ಅವಳು ಹೋದ ದಿನ ನಾನು ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತೆ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ."

ಕಥೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ನಕ್ಕರು, ಒಬ್ಬ "ಸಾಕು ಇಳೀರಿ ಸಾರ್" ಎಂದ. ಕಮಲಾ ಫೋನು ಎತ್ತಿ ಹಿಡಿದುಕೊಂಡಿದ್ದಳು. ಬಸವರಾಜರು ಹಾರವನ್ನು ನೋಡುತ್ತಾ ಕೂತಿದ್ದರು.

ಈಗ ನಿನ್ನ ಪ್ರಶ್ನೆ. ನಾಚಿಕೆ ಇತ್ತು, ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ. ಊರಿಂದ ಯಾರಾದರೂ ಫೋನು ಮಾಡಿ ಏನು ಕೆಲಸ ಎಂದು ಕೇಳಿದಾಗ ಬರುತ್ತಿತ್ತು. ಪಾರ್ಟಿಯಲ್ಲಿ ಗಂಡಸರು ವಿಸಿಟಿಂಗ್ ಕಾರ್ಡು ಚಾಚಿದಾಗ ಬರುತ್ತಿತ್ತು. ಸಾರು ಕುದಿಯುವಾಗ ಬರುತ್ತಿರಲಿಲ್ಲ. ಕೃತಿಯ ಜಡೆ ಹಾಕುವಾಗ, ನಿನ್ನ ಲೆಟರ್ ಪ್ಯಾಕ್ ತುಂಬುವಾಗ, ಆ ಪುಟ್ಟ ಕ್ಲಿನಿಕ್ಕಿನಲ್ಲಿ ಹೆದರಿ ಕೂತ ಹುಡುಗಿಗೆ ಡಾಕ್ಟರ ಮಾತು ಬಿಡಿಸಿ ಹೇಳುವಾಗ ಒಂದು ಸಲವೂ ಬರಲಿಲ್ಲ. ನೀನು ನನ್ನಿಂದ ಏನೂ ಕಿತ್ತುಕೊಂಡಿಲ್ಲ ಮಾಲತಿ. ಈ ಬದುಕು ನನಗೆ ಇಷ್ಟ. ಇಷ್ಟ ಎಂದು ಗಂಡಸರ ನಡುವೆ ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೆ.

ತೋಝಾಯ್ ಲೈನಿನ ಮೆಟ್ರೊದಲ್ಲಿ ಮನೆಗೆ ಬರುವಾಗ ಕೃತಿ, ಪಪ್ಪಾ ಬಚ್ಚಲಲ್ಲಿ ಅತ್ತದ್ದು ನಿಜವಾ ಎಂದು ಕೇಳಿದಳು. ಹೌದು ಎಂದೆ. "ಗೊತ್ತಿತ್ತು, ನಲ್ಲಿ ಬಿಟ್ಟುಕೊಂಡಿದ್ರೂ ಕೇಳಿಸ್ತಿತ್ತು" ಎಂದು ಜಪಾನಿಯಲ್ಲಿ ಹೇಳಿ, ನನ್ನ ತೋಳಿಗೆ ಒರಗಿ ನಿದ್ದೆ ಹೋದಳು.

ನೀನು ಬರುವುದು ಬಿಡುವುದು ನಿನಗೆ ಸೇರಿದ್ದು. ಕಾಯುತ್ತೇನೆ.

ನಿನ್ನ
ಪ್ರಹ್ಲಾದ


ಸೆಂಡಾಯ್
೧೧ ಡಿಸೆಂಬರ್ ೨೦೨೪

ಪ್ರಹ್ಲಾದ,

ನಿನ್ನ ಪತ್ರಕ್ಕೆ ಮೊದಲೇ ಕಮಲಾ ವಿಡಿಯೊ ಕಳಿಸಿದ್ದಳು. ಮೂರು ಸಲ ನೋಡಿದೆ. ಮೂರು ಸಲವೂ ಬಚ್ಚಲು ಎನ್ನುವಲ್ಲಿ ನಿಲ್ಲಿಸಿದೆ.

ಏಪ್ರಿಲ್‌ನಲ್ಲಿ ನಾನು ಇಲ್ಲಿಗೆ ಹೊರಟ ದಿನ ಟೋಕಿಯೊ ಸ್ಟೇಷನ್ನಿನಲ್ಲಿ ನೀನು ಕೃತಿಯನ್ನು ಎತ್ತಿಕೊಂಡು, ಕಿಟಕಿಯಾಚೆ ನಗುತ್ತಾ ನಿಂತಿದ್ದೆ. ರೈಲು ಹೊರಟಾಗ ಇನ್ನೂ ಜೋರಾಗಿ ನಕ್ಕು ಕೈ ಬೀಸಿದೆ. ನಾನು ಹೋಗುವುದು ನಿನಗೆ ಅಷ್ಟು ಹಗುರವೇ ಎಂದುಕೊಂಡು ಓಮಿಯಾ ಸ್ಟೇಷನ್ ದಾಟುವವರೆಗೂ ಅತ್ತೆ. ಪಕ್ಕದ ಅಜ್ಜಿ ಟಿಶ್ಯೂ ಕೊಟ್ಟರು. ಆಮೇಲೆ ಪ್ರತಿ ತಿಂಗಳೂ ಅದೇ ನಗು. ನಾನಿಲ್ಲದೆ ಇವನಿಗೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ನಾನೂ ನಗು ಕಲಿತೆ. ನೀನು ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ ಎಂದು ಮಗಳಿಗೆ ಗೊತ್ತು, ಈಗ ಇಡೀ ಕೂಟಕ್ಕೆ ಗೊತ್ತು, ನನಗೆ ಹೇಳಲಿಲ್ಲ.

ಶನಿವಾರ ಬರುತ್ತೇನೆ. ಭಾನುವಾರ ಸಂಜೆ ಮತ್ತೆ ಹೊರಡಬೇಕು. ಆಗ ಪ್ಲಾಟ್‌ಫಾರ್ಮಿನಲ್ಲಿ ನಗಬೇಡ.

ನಿನ್ನ
ಮಾಲತಿ